ರೇಸಿಂಗ್ ಗೇಮ್‌ನಲ್ಲಿ ಸ್ಟೇರಿಂಗ್: ಒಮ್ಮೆ ತಿರುಗಿಸಿ, ಹಿಡಿಯಿರಿ, ಬಿಡಿ

ಶಿರಸಿಯಿಂದ ಕುಮಟಾಕ್ಕೆ ಬಸ್ಸಿನಲ್ಲಿ ದೇವಿಮನೆ ಘಾಟಿ ಇಳಿಯುವಾಗ ಡ್ರೈವರ್ ಕೈ ನೋಡಿ. ತಿರುವು ಬರುವ ಮೊದಲೇ ವೇಗ ಇಳಿದಿರುತ್ತದೆ. ಆಮೇಲೆ ಸ್ಟೇರಿಂಗ್ ಒಂದೇ ಸಲಕ್ಕೆ ತಿರುಗಿ ನಿಲ್ಲುತ್ತದೆ, ರಸ್ತೆ ನೆಟ್ಟಗಾದಂತೆ ಬಿಚ್ಚಿಕೊಳ್ಳುತ್ತದೆ. ಅಸೆಟ್ಟೊ ಕೋರ್ಸಾ, ಗ್ರಾನ್ ಟುರಿಸ್ಮೊ 7ರಂಥ, ಟೈರಿನ ಹಿಡಿತವನ್ನೂ ಲೆಕ್ಕ ಹಾಕುವ ಗೇಮ್‌ಗಳಲ್ಲೂ ಕೆಲಸ ಇಷ್ಟೇ. ತಿರುವಿನ ನಡುವೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿದ್ದುತ್ತಿದ್ದೀರಿ ಎಂದರೆ ಮೊದಲು ಅನುಮಾನಿಸಬೇಕಾದ್ದು ಕೈಯನ್ನಲ್ಲ, ಒಳಗೆ ನುಗ್ಗಿದ ವೇಗವನ್ನು. ಬ್ರೇಕನ್ನು ಹತ್ತು ಮೀಟರ್ ಮೊದಲೇ ಒತ್ತಿ ನೋಡಿ, ಅರ್ಧ ಗಲಿಬಿಲಿ ಅಲ್ಲೇ ಹೋಗುತ್ತದೆ.

ಮುಂದಿನ ಟೈರು ತಾನು ಸಾಗುವ ದಿಕ್ಕಿಗಿಂತ ಕೆಲವೇ ಡಿಗ್ರಿ ಓರೆಯಾಗಿದ್ದಾಗ ಅತಿ ಹೆಚ್ಚು ಹಿಡಿತ ಕೊಡುತ್ತದೆ. ಅದನ್ನು ದಾಟಿ ಇನ್ನೂ ತಿರುಗಿಸಿದರೆ ಹಿಡಿತ ಕಡಿಮೆಯಾಗಿ ಕಾರು ನೆಟ್ಟಗೆ ಹೊರಗೆ ಸರಿಯುತ್ತದೆ. ಟೈರು ಕೀರಲು ಶುರುವಾದಾಗ ಮನಸ್ಸು ಹೇಳುವುದು ‘ಇನ್ನಷ್ಟು ತಿರುಗಿಸು’ ಎಂದು. ಮಾಡಬೇಕಾದ್ದು ಅದರ ಉಲ್ಟಾ: ಸ್ಟೇರಿಂಗ್ ತುಸು ಸಡಿಲಿಸಿ, ಆಕ್ಸಿಲರೇಟರ್ ಕೊಂಚ ಬಿಡಿ, ಅರೆಕ್ಷಣ ಕಾಯಿರಿ, ಕಾರಿನ ಮೂತಿ ತಾನಾಗಿ ಒಳಗೆ ಬರುತ್ತದೆ. ಬ್ರೇಕಿಗೂ ತಿರುವಿಗೂ ಇರುವುದು ಅದೇ ಹಿಡಿತವಾದ್ದರಿಂದ, ಸ್ಟೇರಿಂಗ್ ಹೆಚ್ಚಿದಂತೆ ಬ್ರೇಕ್ ಇಳಿಯಬೇಕು. ಹೊರಗೆ ಬರುವಾಗ ಸ್ಟೇರಿಂಗ್ ಬಿಚ್ಚಿದಷ್ಟೇ ಆಕ್ಸಿಲರೇಟರ್ ಒತ್ತಿ, ಹೆಚ್ಚಲ್ಲ.

ಗೇಮ್‌ಪ್ಯಾಡ್‌ನಲ್ಲಿ ತೊಂದರೆ ಏನೆಂದರೆ, ಹೆಬ್ಬೆರಳಿನಿಂದ ಕಾರು ತಿರುಗಿಸುವ ಕಡ್ಡಿ (ಸ್ಟಿಕ್) ನಡುವಿನಿಂದ ಅಂಚಿಗೆ ಹೋಗುವ ದೂರ ಒಂದು ಸೆಂಟಿಮೀಟರ್ ಆಸುಪಾಸು. ಇದಕ್ಕೊಂದು ಒಳ್ಳೆಯ ಉಪಾಯವಿದೆ. ಕಡ್ಡಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ಅಂಚಿಗೆ ಒರಗಿಸಿ, ಅಲ್ಲಿಂದ ಅಂಚಿನ ಗುಂಟವೇ ಎಡಕ್ಕೂ ಬಲಕ್ಕೂ ಜಾರಿಸಿ. ಹೆಬ್ಬೆರಳು ಸಾಗುವ ದಾರಿ ಸುಮಾರು ಒಂದೂವರೆ ಪಟ್ಟು ಉದ್ದವಾಗುತ್ತದೆ, ಬೆರಳಿಗೆ ಆಸರೆಯೂ ಸಿಗುತ್ತದೆ, ಕಡ್ಡಿ ಚಿಮ್ಮಿ ನಡುವಿಗೆ ಓಡುವುದಿಲ್ಲ. ಮೊದಮೊದಲು ವಿಚಿತ್ರ ಅನಿಸುತ್ತದೆ, ಬಿಡಬೇಡಿ. ಡೆಡ್‌ಝೋನನ್ನು, ಅಂದರೆ ಕಡ್ಡಿ ಅಲುಗಿದರೂ ಗೇಮ್ ಲೆಕ್ಕಕ್ಕೆ ತೆಗೆದುಕೊಳ್ಳದ ನಡುವಿನ ಜಾಗವನ್ನು, ಸೆಟ್ಟಿಂಗ್ಸ್‌ನಲ್ಲಿ ಸೊನ್ನೆಯಿಂದ ಒಂದೊಂದೇ ಏರಿಸಿ, ಬೆರಳು ತೆಗೆದಾಗ ಕಾರು ನೆಟ್ಟಗೆ ಹೋಗುವಲ್ಲಿಗೆ ನಿಲ್ಲಿಸಿ. ಇದು ಅತಿಯಾದರೆ ಸಣ್ಣ ತಿದ್ದುಪಡಿ ಕಾರಿಗೆ ಮುಟ್ಟದೆ, ಆಮೇಲೆ ಒಮ್ಮೆಲೇ ಮುಟ್ಟುತ್ತದೆ.

ಕಾರವಾರ, ಅಂಕೋಲಾ ಕಡೆಯ ಸೆಕೆಯಲ್ಲಿ ಬೆವರಿದ ಹೆಬ್ಬೆರಳು ಕಡ್ಡಿಯ ಮೇಲೆ ಜಾರುತ್ತದೆ. ಪಕ್ಕದಲ್ಲಿ ಹತ್ತಿ ಬಟ್ಟೆ ಇಟ್ಟುಕೊಳ್ಳಿ, ಕಡ್ಡಿಗೆ ರಬ್ಬರ್ ಟೊಪ್ಪಿ ಹಾಕಿ. ಮಳೆಗಾಲದಲ್ಲಿ ಪ್ಯಾಡನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳದ ಡಬ್ಬಿಯಲ್ಲಿಡುವುದು ಒಳ್ಳೆಯದು.

ಗೇಮಿಗೆಂದೇ ಇರುವ ಸ್ಟೇರಿಂಗ್ ವ್ಹೀಲ್ ಇದ್ದವರು ಅದು ಎಷ್ಟು ಡಿಗ್ರಿ ತಿರುಗಬೇಕೆಂದು ಹೊಂದಿಸಿಕೊಳ್ಳಿ. ಲಾಜಿಟೆಕ್ ಜಿ29 ಒಟ್ಟು 900 ಡಿಗ್ರಿ ತಿರುಗುತ್ತದೆ. ರಸ್ತೆ ಕಾರಿಗೆ ಅದು ಸರಿ, ಫಾರ್ಮುಲಾ ಕಾರಿಗೆ 360ರ ಆಸುಪಾಸು ಸಾಕು. ಫೋರ್ಸ್ ಫೀಡ್‌ಬ್ಯಾಕ್, ಅಂದರೆ ವ್ಹೀಲ್ ಒಳಗಿನ ಮೋಟಾರು ಕೈಗೆ ಕೊಡುವ ಭಾರ, ಪೂರ್ತಿ ಏರಿಸುವುದು ದೊಡ್ಡ ತಪ್ಪು. ಮೋಟಾರು ತನ್ನ ಮಿತಿ ಮುಟ್ಟಿದ ಮೇಲೆ ಎಲ್ಲಾ ತಿರುವೂ ಒಂದೇ ಭಾರ, ಟೈರು ಜಾರುವ ಸುಳಿವೇ ಕೈಗೆ ಸಿಗದು. ವೇಗದ ಉದ್ದ ತಿರುವಿನಲ್ಲೂ ಭಾರ ಏರಿಳಿಯುವುದು ತಿಳಿಯುವ ತನಕ ಇಳಿಸಿ. ವ್ಹೀಲನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಅಮುಕಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ವ್ಹೀಲ್ ತಾನೇ ಎರಡೂ ಕಡೆ ತಿರುಗಿ ನಡುವನ್ನು ಹುಡುಕುತ್ತದೆ. ಆಗ ಕೈ ಹಾಕಿದರೆ ನಡು ತಪ್ಪಿ, ನೆಟ್ಟಗಿನ ರಸ್ತೆಯಲ್ಲೂ ಕಾರು ಒಂದು ಬದಿಗೆ ಎಳೆಯುತ್ತದೆ.

ಟಿವಿಯಲ್ಲಿ ಆಡುವವರು ಚಿತ್ರದ ತಡ ಕಡಿಮೆ ಮಾಡುವ ‘ಗೇಮ್ ಮೋಡ್’ ಅನ್ನು ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಹಾಕಲೇಬೇಕು. ಚಿತ್ರ ತಡವಾಗಿ ಬಂದರೆ ಕೈಯೂ ತಡವಾಗಿ ತಿದ್ದುತ್ತದೆ, ಕಾರು ಹಾವಿನಂತೆ ಹರಿಯುತ್ತದೆ.

ಅಭ್ಯಾಸಕ್ಕೆ ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ಪೂಆನ್ ತಿರುವು ಆರಿಸಿ: ಎಡಕ್ಕೆ ಎರಡು ಬಾಗು, ಆದರೆ ಒಂದೇ ತಿರುವಾಗಿ ತೆಗೆಯಬೇಕಾದದ್ದು. ಗಡಿಯಾರ ಮರೆತು, ಎಂದಿನ ವೇಗಕ್ಕಿಂತ ನಿಧಾನವಾಗಿ ಹೋಗಿ, ನಡುವೆ ಒಮ್ಮೆಯೂ ತಿದ್ದದೆ ದಾಟಿ. ಕಣ್ಣು ಕಾರಿನ ಮೂತಿಯ ಮೇಲಲ್ಲ, ಮುಂದಿನ ಒಳ ಅಂಚಿನ ಮೇಲಿರಲಿ. ಮೂರು ಸಲ ಸತತವಾಗಿ ಆದರೆ ಗಂಟೆಗೆ ಐದು ಕಿಲೋಮೀಟರ್ ಏರಿಸಿ; ಕೈ ಮತ್ತೆ ತಿದ್ದತೊಡಗಿದರೆ ಅಷ್ಟೇ ಇಳಿಸಿ. ರೀಪ್ಲೇಯಲ್ಲಿ ಸ್ಟೇರಿಂಗ್ ಗೆರೆ ತೋರಿಸುವ ಗೇಮ್ ಆದರೆ ಅದನ್ನು ನೋಡಿ: ಗೆರೆ ಗರಗಸದ ಹಲ್ಲಿನಂತಿರುವ ಜಾಗದಲ್ಲೇ ನಿಮ್ಮ ಸಮಯ ಸೋರುತ್ತಿರುತ್ತದೆ.