ಬಾಯಿ ಮತ್ತು ಸೆಕ್ಸ್: ಎರಡೂ ಆರೋಗ್ಯವನ್ನ ಒಟ್ಟಿಗೆ ನೋಡ್ಕೊಳ್ಳೋದು ಹೇಗೆ

ಹಲ್ಲು ನೋವು ಬಂದ್ರೆ ಹಲ್ಲಿನ ಡಾಕ್ಟ್ರ ಹತ್ರ ಹೋಗ್ತೀವಿ, ಮೂತ್ರ ಮಾಡುವಾಗ ಉರಿ ಬಂದ್ರೆ (ಅದೂ ಎಷ್ಟೋ ದಿನ ಮುಚ್ಚಿಟ್ಟು, ಮುಜುಗರ ಪಟ್ಟು) ಇನ್ನೊಬ್ಬ ಡಾಕ್ಟ್ರ ಹತ್ರ ಹೋಗ್ತೀವಿ, ಈ ಎರಡಕ್ಕೂ ನಡುವೆ ಸಂಬಂಧ ಇರಬಹುದು ಅಂತ ಹದಿನೆಂಟು ಇಪ್ಪತ್ತರ ವಯಸ್ಸಿನವರಿಗೆ ಯಾರೂ ಕೂರಿಸ್ಕೊಂಡು ಹೇಳೋದು ಕಮ್ಮಿ. ಹಲ್ಲಿನ ಡಾಕ್ಟ್ರು ಸಾಮಾನ್ಯವಾಗಿ ಸೆಕ್ಸ್ ವಿಷಯ ಎತ್ತಲ್ಲ, ಆ ಕಡೆಯವರು ಎಷ್ಟೋ ಸಲ ಬಾಯಿ ತೆಗೀರಿ ಅನ್ನಲ್ಲ. ಆದ್ರೆ ಹರ್ಪಿಸ್, ಗೊನೋರಿಯಾ, ಸಿಫಿಲಿಸ್, ಎಚ್‌ಪಿವಿ ವೈರಸ್ ಥರದ ಲೈಂಗಿಕ ಸೋಂಕುಗಳಿಗೆ ಬಾಯಿ ಬೇರೆ, ಗಂಟಲು ಬೇರೆ, ಜನನಾಂಗ ಬೇರೆ ಅಂತೇನೂ ಇಲ್ಲ, ಓರಲ್ ಸೆಕ್ಸ್ (ಬಾಯಿಂದ ಮಾಡೋ ಸೆಕ್ಸ್) ಮೂಲಕ ಮೇಲಿಂದ ಕೆಳಗೂ ಕೆಳಗಿಂದ ಮೇಲಕ್ಕೂ ಹೋಗ್ತವೆ. ಹಾಗಾಗಿ ಎರಡನ್ನೂ ಸೇರಿಸಿ ನೋಡೋ ಕೆಲಸ ನಮ್ಮದೇ.

ಮೊದಲು ನಿಮ್ಮ ಬಾಯಿ ನಿಮಗೆ ಪರಿಚಯ ಇರ್ಲಿ

ತಿಂಗಳಿಗೆ ಒಂದ್ಸಲ ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಹಾಕಿ ನೋಡ್ಕೊಳ್ಳಿ. ಕೈ ತೊಳ್ಕೊಂಡು ಕೆಳತುಟಿ ಎಳೆದು ಒಳಭಾಗ ನೋಡಿ, ಕೆನ್ನೆ ಒಳಗೆ, ನಾಲಿಗೆ ಎತ್ತಿ ಅಡಿಭಾಗ, ನಾಲಿಗೆಯ ಎರಡೂ ಅಂಚು, ಅಂಗುಳ, ಕೊನೆಗೆ "ಆ" ಅಂತ ಹೇಳ್ತಾ ಗಂಟಲ ಹಿಂಭಾಗ. ಎರಡು ನಿಮಿಷದ ಕೆಲಸ. ನಿಮ್ಮ ಬಾಯಿ ಮಾಮೂಲಿ ಹೇಗಿರತ್ತೆ ಅಂತ ಗೊತ್ತಿದ್ರೆ ಮಾತ್ರ ಹೊಸದೇನಾದ್ರೂ ಬಂದಾಗ ಕಣ್ಣಿಗೆ ಬೀಳತ್ತೆ.

ಕಂಡಿದ್ದೆಲ್ಲ ಲೈಂಗಿಕ ರೋಗ ಅಂತ ಗಾಬರಿ ಬೀಳ್ಬೇಡಿ, ಬಹಳಷ್ಟು ಅಲ್ಲ. ಮಾಮೂಲಿ ಬಾಯಿಹುಣ್ಣು ತುಟಿ, ಕೆನ್ನೆ ಒಳಗೆ ಬರತ್ತೆ, ಮಧ್ಯ ಬಿಳಿ ಅಥವಾ ಹಳದಿ, ಸುತ್ತ ಕೆಂಪು, ಖಾರ ತಾಗಿದ್ರೆ ಪ್ರಾಣ ಹೋಗತ್ತೆ, ಒಂದೆರಡು ವಾರದಲ್ಲಿ ಮಾಯ್ತದೆ, ಇದು ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ. ಹರ್ಪಿಸ್ ಗುಳ್ಳೆ ಹೆಚ್ಚಾಗಿ ತುಟಿಯ ಹೊರ ಅಂಚಲ್ಲಿ, ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆ ಗುಂಪಾಗಿ ಬರ್ತವೆ, ಬರೋದಕ್ಕೆ ಮುಂಚೆ ಆ ಜಾಗದಲ್ಲಿ ಚುಮುಚುಮು ಅನ್ನತ್ತೆ, ಉರಿಯತ್ತೆ, ಆಮೇಲೆ ಒಡೆದು ಹಕ್ಕಳೆ ಕಟ್ಟತ್ತೆ. ಇದು ಚೆನ್ನಾಗಿ ಅಂಟತ್ತೆ.

ನಾನು ಎಲ್ಲಕ್ಕಿಂತ ಜಾಸ್ತಿ ಹೆದರೋದು ನೋವೇ ಇಲ್ಲದ ಹುಣ್ಣಿಗೆ. ಸಿಫಿಲಿಸ್ ಬಾಯಿಗೆ ಬಂದ್ರೆ ತುಟಿ ಮೇಲೋ ನಾಲಿಗೆ ಮೇಲೋ ಗಟ್ಟಿ ಅಂಚಿನ ಒಂದು ಹುಣ್ಣು ಏಳತ್ತೆ, ಸೋಂಕು ತಗುಲಿ 10 ರಿಂದ 90 ದಿನದೊಳಗೆ, ಸಾಮಾನ್ಯವಾಗಿ ಮೂರು ವಾರದ ಹೊತ್ತಿಗೆ. ಹೆಚ್ಚಿನ ಸಲ ನೋವೇ ಇರಲ್ಲ, ಔಷಧಿ ಹಾಕ್ದೇ ಇದ್ರೂ 3 ರಿಂದ 6 ವಾರದಲ್ಲಿ ತಾನಾಗೇ ಹೋಗತ್ತೆ, ನಾವು ವಾಸಿ ಆಯ್ತು ಅಂದ್ಕೊಂಡು ಸುಮ್ನಾಗ್ತೀವಿ. ಆದ್ರೆ ಹೋಗಿದ್ದು ಹುಣ್ಣು ಮಾತ್ರ, ರೋಗ ಒಳಗೇ ಇರತ್ತೆ. ಆಮೇಲೆ ಅಂಗೈ ಅಂಗಾಲಲ್ಲಿ ದದ್ದು, ಬಾಯೊಳಗೆ ಬೂದು ಬಿಳಿ ತೇಪೆ ಕಾಣಿಸ್ಕೋಬಹುದು. ಇದಕ್ಕೆ ಇವತ್ತಿಗೂ ಪೆನಿಸಿಲಿನ್ ಇಂಜೆಕ್ಷನ್ನೇ ಮದ್ದು, ಬೇಗ ಹೋದ್ರೆ ಪೂರ್ತಿ ವಾಸಿಯಾಗೋ ಕಾಯಿಲೆ ಇದು. ಆದ್ರಿಂದ ಲೆಕ್ಕ ಸರಳ: ಯಾವುದೇ ಹುಣ್ಣು, ಗಂಟು, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರ ಆದ್ರೂ ಹೋಗಿಲ್ಲ ಅಂದ್ರೆ ಡಾಕ್ಟ್ರಿಗೆ ತೋರಿಸಿ, ಹೊಸ ಸಂಪರ್ಕ ಆದ್ಮೇಲೆ ನೋವಿಲ್ಲದ ಹುಣ್ಣು ಕಂಡ್ರೆ ಎರಡು ವಾರ ಕಾಯೋದೂ ಬೇಡ.

ಯಾವ ದಿನ ಬೇಡ ಅನ್ನಬೇಕು

ತುಟಿ ಚುಮುಚುಮು ಅಂದ ಕ್ಷಣದಿಂದ ಹಕ್ಕಳೆ ಉದುರಿ ಹೊಸ ಚರ್ಮ ಬರೋ ತನಕ ಮುತ್ತೂ ಬೇಡ, ಓರಲ್ ಸೆಕ್ಸೂ ಬೇಡ. ತುಟಿಯ ಹರ್ಪಿಸ್, ಅಂದ್ರೆ ಎಚ್‌ಎಸ್‌ವಿ-1, ಸಂಗಾತಿಯ ಜನನಾಂಗಕ್ಕೆ ಆರಾಮಾಗಿ ಹೋಗತ್ತೆ, ಇವತ್ತು ಎಷ್ಟೋ ದೇಶಗಳಲ್ಲಿ ಯುವಜನರಿಗೆ ಹೊಸದಾಗಿ ಬರೋ ಜನನಾಂಗದ ಹರ್ಪಿಸ್‌ನಲ್ಲಿ ದೊಡ್ಡ ಪಾಲು ಬಾಯಿಂದಲೇ ಬಂದಿರೋದು. ಈ ವೈರಸ್ ಇರೋರು ಕೆಟ್ಟವರು ಅಂತಲ್ಲ, ವಿಶ್ವ ಆರೋಗ್ಯ ಸಂಸ್ಥೆ ಅಂದಾಜಲ್ಲಿ 50 ವರ್ಷದೊಳಗಿನ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಎಚ್‌ಎಸ್‌ವಿ-1 ಇದೆ, ಎಷ್ಟೋ ಜನಕ್ಕೆ ಚಿಕ್ಕವರಿದ್ದಾಗಲೇ ಬಂದಿರತ್ತೆ. ಗುಳ್ಳೆ ಇಲ್ಲದ ದಿನವೂ ಹರಡೋ ಸಾಧ್ಯತೆ ಸ್ವಲ್ಪ ಇದ್ದೇ ಇರತ್ತೆ, ಗುಳ್ಳೆ ಇದ್ದಾಗ ಬಹಳ ಜಾಸ್ತಿ. ಪದೇ ಪದೇ ಬರ್ತಿದ್ರೆ ಆಂಟಿವೈರಲ್ ಮಾತ್ರೆ ಇದೆ, ಚುಮುಚುಮು ಶುರುವಾದ ಕೂಡಲೇ ತಗೊಂಡ್ರೆ ಚೆನ್ನಾಗಿ ಕೆಲಸ ಮಾಡತ್ತೆ, ಮೊದಲೇ ಡಾಕ್ಟ್ರ ಹತ್ರ ಬರೆಸಿ ಇಟ್ಕೊಳ್ಳಿ.

ಹಲ್ಲು ಕೀಳಿಸಿದ ದಿನ, ವಸಡು ಕ್ಲೀನ್ ಮಾಡಿಸಿದ ದಿನ, ಬ್ರೇಸಸ್ ತಂತಿ ಕೆನ್ನೆ ಕೊರೆದಿರೋ ದಿನ, ನಾಲಿಗೆ ಚುಚ್ಚಿಸಿದ್ದು ಇನ್ನೂ ಮಾಯ್ದಿಲ್ಲ ಅಂದ್ರೆ, ಇವೆಲ್ಲ ತೆರೆದ ಗಾಯ, ವಾಸಿ ಆಗೋವರೆಗೂ ಬಿಡಿ. ಬೇಡ ಅನ್ನೋದಕ್ಕೆ ಕಾರಣ ಕೊಡ್ಲೇಬೇಕು ಅಂತಿಲ್ಲ, ಆದ್ರೂ "ಬಾಯಲ್ಲಿ ಗಾಯ ಆಗಿದೆ, ಈ ವಾರ ಬೇಡ" ಅಂದ್ರೆ ಸಾಕು, ಅಷ್ಟಕ್ಕೂ ಒತ್ತಾಯ ಮಾಡೋರು ನಿಮ್ಮ ಆರೋಗ್ಯದ ಬಗ್ಗೆ ಯೋಚಿಸ್ತಿಲ್ಲ ಅಂತಲೇ ಅರ್ಥ.

ಬ್ರಶ್ ಮಾಡೋ ಟೈಮು

ಇದು ಹೆಚ್ಚಿನವರು ಉಲ್ಟಾ ಮಾಡೋ ವಿಷಯ. ಸಂಗಾತಿ ಬರ್ತಾರೆ ಅಂತ ಆಗಷ್ಟೇ ಗಸಗಸ ಬ್ರಶ್ ಮಾಡಿ ಫ್ಲಾಸ್ (ಹಲ್ಲಿನ ಸಂದಿ ಕ್ಲೀನ್ ಮಾಡೋ ದಾರ) ಎಳೀತಾರೆ, ವಸಡಲ್ಲಿ ಕಣ್ಣಿಗೆ ಕಾಣದ ಗೀರು ಬೀಳತ್ತೆ, ರಕ್ತ ಜಿನುಗತ್ತೆ, ರೋಗಾಣು ಒಳಗೆ ಹೋಗೋಕೆ ದಾರಿ ಆಗತ್ತೆ. ಓರಲ್ ಸೆಕ್ಸ್‌ಗೆ ಸ್ವಲ್ಪ ಮುಂಚೆ ಮತ್ತು ಆದ ಕೂಡಲೇ ಬ್ರಶ್, ಫ್ಲಾಸ್ ಎರಡೂ ಬೇಡ, ವಾಸನೆ ಚಿಂತೆ ಇದ್ರೆ ನೀರಲ್ಲಿ ಮುಕ್ಕಳಿಸಿ. ಮೌತ್‌ವಾಶ್ ಹಾಕಿ ಮುಕ್ಕಳಿಸಿದ್ರೆ ಸೋಂಕು ಬರಲ್ಲ ಅಂತ ಕೆಲವರು ಅಂದ್ಕೋತಾರೆ, ದಯವಿಟ್ಟು ಅದನ್ನ ನಂಬ್ಕೊಂಡು ಕೂರಬೇಡಿ.

ಆದ್ರೆ ದಿನಾ ಮಾಡೋ ಬ್ರಶ್ ತಪ್ಪಿಸ್ಬೇಡಿ, ಮೆತ್ತನೆ ಬ್ರಶ್, ಫ್ಲೋರೈಡ್ ಇರೋ ಪೇಸ್ಟ್, ದಿನಕ್ಕೆ ಎರಡು ಸಲ ಎರಡೆರಡು ನಿಮಿಷ. ಬ್ರಶ್ ಮಾಡುವಾಗ ದಿನಾ ರಕ್ತ ಬರ್ತಿದ್ರೆ ವಸಡು ಊದಿದೆ ಅಂತ ಅರ್ಥ, ಬ್ರಶ್ ಬಿಡೋದಲ್ಲ, ಹಲ್ಲಿನ ಡಾಕ್ಟ್ರ ಹತ್ರ ಹೋಗಿ ಹಲ್ಲಿಗೆ ಕಟ್ಟಿರೋ ಗಾರೆ ತೆಗೆಸೋದು. ಹುಡುಗೀರಿಗೆ ಹರೆಯ ಬಂದಾಗ, ಮುಟ್ಟಿನ ಆಸುಪಾಸು, ಬಸಿರಲ್ಲಿ ಹಾರ್ಮೋನ್ ಏರುಪೇರಿಂದ ವಸಡು ಬೇಗ ಊದಿ ರಕ್ತ ಬರೋದು ಸಾಮಾನ್ಯ. ಗಂಡಸರಲ್ಲಿ ವಸಡಿನ ಕಾಯಿಲೆ ಇರೋರಿಗೆ ನಿಮಿರುವಿಕೆಯ ತೊಂದರೆ ಹೆಚ್ಚು ಕಂಡುಬಂದಿದೆ, ಇದರಿಂದಲೇ ಅದು ಅಂತ ಸಾಬೀತಾಗಿಲ್ಲ, ಆದ್ರೆ ಸಿಗರೇಟು ಎರಡನ್ನೂ ಹಾಳು ಮಾಡತ್ತೆ ಅನ್ನೋದ್ರಲ್ಲಿ ಅನುಮಾನ ಇಲ್ಲ.

ಕಾಂಡೋಮ್ ಓರಲ್‌ಗೂ ಬೇಕು

ಬಸಿರಾಗೋ ಭಯ ಇಲ್ಲ ಅಂತ ಬಿಟ್ಟುಬಿಡ್ತಾರೆ, ಅದೇ ಎಡವಟ್ಟು. ಗಂಡಸಿನ ಜನನಾಂಗಕ್ಕೆ ಕಾಂಡೋಮ್, ಹೆಣ್ಣಿನ ಜನನಾಂಗಕ್ಕೆ ಅಥವಾ ಗುದದ್ವಾರಕ್ಕೆ ಡೆಂಟಲ್ ಡ್ಯಾಮ್ ಅಂತ ತೆಳು ಲ್ಯಾಟೆಕ್ಸ್ ಹಾಳೆ. ಡ್ಯಾಮ್ ಸಿಗಲಿಲ್ಲ ಅಂದ್ರೆ ಹೊಸ ಕಾಂಡೋಮ್ ತಗೊಂಡು ತುದಿ ಕತ್ತರಿಸಿ, ಕೆಳಗಿನ ರಿಂಗ್ ಕತ್ತರಿಸಿ, ಉದ್ದಕ್ಕೆ ಒಂದು ಸೀಳು ಹಾಕಿ ಬಿಡಿಸಿದ್ರೆ ಚೌಕ ಹಾಳೆ ಆಗತ್ತೆ. ಕತ್ತರಿ ಬಳಸಿ, ಹಲ್ಲಲ್ಲಿ ಕಚ್ಚಿ ಹರಿಬೇಡಿ. ಎಣ್ಣೆ, ವ್ಯಾಸಲಿನ್ ತಾಗಿದ್ರೆ ಲ್ಯಾಟೆಕ್ಸ್ ಹರಿಯತ್ತೆ. ಒಂದು ಹಾಳೆ ಒಂದೇ ಸಲ, ಅದೂ ಒಂದೇ ಬದಿ, ತಿರುಗಿಸಿ ಹಾಕೋ ಹಾಗಿಲ್ಲ.

ಟೆಸ್ಟ್‌ಗೆ ಹೋದಾಗ ಗಂಟಲು ಮರೀಬೇಡಿ

ಗಂಟಲಲ್ಲಿ ಗೊನೋರಿಯಾ ಇದ್ರೆ ಹೆಚ್ಚಿನವರಿಗೆ ಏನೂ ಗೊತ್ತಾಗಲ್ಲ, ಕೆಲವರಿಗೆ ಸ್ವಲ್ಪ ಗಂಟಲು ಕೆರೆತ ಅಷ್ಟೇ. ಮೂತ್ರದ ಟೆಸ್ಟ್ ನೆಗೆಟಿವ್ ಬಂದ್ರೂ ಗಂಟಲಲ್ಲಿ ಇರಬಹುದು, ಯಾಕಂದ್ರೆ ಮೂತ್ರಕ್ಕೆ ಗಂಟಲಿನ ಸುದ್ದಿ ಗೊತ್ತಿರಲ್ಲ. ಬಾಯಿ ತೆಗೆದು ಹತ್ತಿಕಡ್ಡಿಯಲ್ಲಿ ಗಂಟಲು ಸವರಿ ಸ್ಯಾಂಪಲ್ ತಗೋಬೇಕು. ಅವರು ಕೇಳದೇ ಇದ್ರೆ ನೀವೇ ಹೇಳಿ: "ನಾನು ಓರಲ್ ಸೆಕ್ಸ್ ಮಾಡಿದ್ದೀನಿ, ಗಂಟಲಿನ ಸ್ವಾಬ್ ಟೆಸ್ಟೂ ಮಾಡಿ." ಬಾಯಿಬಿಟ್ಟು ಹೇಳೋಕೆ ಆಗಲ್ಲ ಅಂದ್ರೆ ಮೊಬೈಲಲ್ಲಿ ಟೈಪ್ ಮಾಡಿ ತೋರಿಸಿ. ಗಂಟಲಿನ ಗೊನೋರಿಯಾ ಬೇರೆ ಜಾಗಕ್ಕಿಂತ ಹಠಮಾರಿ, ಆದ್ರಿಂದ ಔಷಧಿ ಆದ್ಮೇಲೆ ಒಂದೆರಡು ವಾರಕ್ಕೆ ಮತ್ತೆ ಟೆಸ್ಟ್ ಮಾಡಿಸ್ಬೇಕು, ಮೆಡಿಕಲ್ ಶಾಪಲ್ಲಿ ಯಾವುದೋ ಆಂಟಿಬಯಾಟಿಕ್ ತಗೊಂಡು ನುಂಗೋದು ಬೇಡವೇ ಬೇಡ.

ಎಚ್‌ಐವಿ ಓರಲ್ ಸೆಕ್ಸ್‌ನಿಂದ ಬರೋ ಸಾಧ್ಯತೆ ಬಹಳ ಕಮ್ಮಿ, ಎಂಜಲಿಂದ ಬರಲ್ಲ. ಆದ್ರೆ ಬಾಯಲ್ಲಿ ಗಾಯ, ರಕ್ತ ಇದ್ದಾಗ ಅಪಾಯ ಏರತ್ತೆ, ಅಂಥ ಅನುಮಾನ ಇದ್ರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿ ಪಿಇಪಿ (ಸೋಂಕು ಕೂರದ ಹಾಗೆ ತಡೆಯೋ ಔಷಧಿ) ಬೇಕಾ ಅಂತ ಕೇಳಿ, ಬೇಕು ಅಂದ್ರೆ 28 ದಿನದ ಮಾತ್ರೆ ಕೊಡ್ತಾರೆ.

ಲಸಿಕೆ, ಗಂಡು ಮಕ್ಕಳಿಗೂ

ಎಚ್‌ಪಿವಿ ಅಂದ್ರೆ ಗರ್ಭಕೊರಳಿನ ಕ್ಯಾನ್ಸರ್, ಹೆಣ್ಣುಮಕ್ಕಳ ವಿಷಯ ಅಂತ ತಿಳ್ಕೊಂಡಿದ್ದೀವಿ. ಅದೇ ವೈರಸ್, ಮುಖ್ಯವಾಗಿ 16ನೇ ಬಗೆ, ನಾಲಿಗೆಯ ಬುಡ ಮತ್ತು ಟಾನ್ಸಿಲ್‌ನಲ್ಲೂ ಕ್ಯಾನ್ಸರ್ ತರತ್ತೆ, ಅದು ಗಂಡಸರಲ್ಲೇ ಜಾಸ್ತಿ. ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ವೈರಸ್‌ನ ಓಡಿಸಿಬಿಡತ್ತೆ, ಉಳ್ಕೊಂಡ ಕೆಲವರಲ್ಲಿ ಎಷ್ಟೋ ವರ್ಷ ಆದ್ಮೇಲೆ ತೊಂದರೆ ಕಾಣಿಸತ್ತೆ. ಗರ್ಭಕೊರಳಿಗೆ ಮಾಡೋ ಪ್ಯಾಪ್ ಸ್ಮಿಯರ್ ಟೆಸ್ಟ್ ಥರದ ಮಾಮೂಲಿ ಸ್ಕ್ರೀನಿಂಗ್ ಗಂಟಲಿಗೆ ಇಲ್ಲ, ಅದಕ್ಕೇ ಲಸಿಕೆ ಇಷ್ಟು ಮುಖ್ಯ. 9 ರಿಂದ 14 ವಯಸ್ಸು ಒಳ್ಳೇ ಸಮಯ, ಆದ್ರೆ ಸೆಕ್ಸ್ ಶುರುವಾದ್ಮೇಲೂ 26ರ ತನಕ ಹಾಕಿಸ್ಕೊಂಡ್ರೆ ಉಪಯೋಗ ಇದೆ, ಎಷ್ಟು ಡೋಸ್ ಅನ್ನೋದು ವಯಸ್ಸು ಮತ್ತು ನಿಮ್ಮ ದೇಶದ ನಿಯಮದ ಮೇಲೆ. ಹಾಗೇ ಸೆಕ್ಸ್ ಮೂಲಕವೂ ಹರಡೋ ಲಿವರ್ ಸೋಂಕು ಹೆಪಟೈಟಿಸ್ ಬಿ ಲಸಿಕೆ ಆಗಿದ್ಯಾ ಅಂತ ಅದೇ ದಿನ ಕೇಳಿಬಿಡಿ.

ಪಾಸಿಟಿವ್ ಬಂದ್ರೆ

ಸಂಗಾತಿಗೆ ಹೇಳ್ಲೇಬೇಕು, ಕಷ್ಟ ಅಂತ ಗೊತ್ತು. ಉದ್ದುದ್ದ ವಿವರಣೆ ಬೇಡ, "ನನಗೆ ಗಂಟಲಲ್ಲಿ ಗೊನೋರಿಯಾ ಅಂತ ಬಂದಿದೆ, ಔಷಧಿ ತಗೊಂಡಿದ್ದೀನಿ, ನೀನೂ ಗಂಟಲು, ಮೂತ್ರ ಎರಡೂ ಟೆಸ್ಟ್ ಮಾಡಿಸ್ಕೋ" ಅಂತ ಒಂದು ಮೆಸೇಜ್ ಸಾಕು. ಇಬ್ಬರ ಚಿಕಿತ್ಸೆಯೂ ಮುಗಿದು ಏಳು ದಿನ ಆಗೋವರೆಗೂ ಸೆಕ್ಸ್ ಬೇಡ, ಓರಲ್ಲೂ ಸೇರಿ, ಇಲ್ಲಾಂದ್ರೆ ವಾಸಿ ಆದವರಿಗೆ ಇನ್ನೊಬ್ಬರಿಂದ ಮತ್ತೆ ಅಂಟ್ಕೊಳ್ಳತ್ತೆ.