ಮಂಜಿನ ಡಬ್ಬಿಯಲ್ಲಿ ಮ್ಯೂಆನ್ ನೋಡಿದ್ದು: ನನ್ನ ಅನುಭವ

ಪ್ರೋಟಾನ್ ಅಂದ್ರೆ ಕೆಂಪು ಗೋಲಿ, ನ್ಯೂಟ್ರಾನ್ ಅಂದ್ರೆ ಬೂದು ಗೋಲಿ, ಸುತ್ತ ಗಿರಗಿರ ತಿರುಗೋ ನೀಲಿ ಚುಕ್ಕಿ ಎಲೆಕ್ಟ್ರಾನು. ಹೈಸ್ಕೂಲಲ್ಲಿ ತಲೆಗೆ ಹೊಕ್ಕ ಈ ಚಿತ್ರ ಡಿಗ್ರಿ ಮುಗಿಸಿದ್ಮೇಲೂ ನನಗೆ ಬಿಟ್ಟು ಹೋಗಿರ್ಲಿಲ್ಲ. ಒಂದಿನ ಅಣ್ಣನ ಮಗಳು "ಚಿಕ್ಕಪ್ಪ, ಇದನ್ನೆಲ್ಲ ಯಾರಾದ್ರೂ ಕಣ್ಣಾರೆ ನೋಡಿದಾರಾ?" ಅಂತ ಕೇಳಿದ್ಲು. ಕಣ ಕಾಣಲ್ಲ ಕಣೇ, ಅದು ಹೋದ ದಾರಿ ಕಾಣತ್ತೆ ಅಂದೆ. "ಹಂಗಾದ್ರೆ ದಾರೀನೇ ತೋರ್ಸು" ಅಂತ ಪಟ್ಟು ಹಿಡಿದ್ಲು. ಬಾಯಿ ಬಿಟ್ಟು ಸಿಕ್ಕಾಕೊಂಡೆ.

ದಾರಿ ತೋರ್ಸೋ ಡಬ್ಬಿಗೆ ಕ್ಲೌಡ್ ಚೇಂಬರ್ ಅಂತಾರೆ. ಸಿ.ಟಿ.ಆರ್. ವಿಲ್ಸನ್ ಅನ್ನೋ ಭೌತವಿಜ್ಞಾನಿ 1911ರಲ್ಲೇ ಇದರಲ್ಲಿ ಕಣದ ಗೆರೆಗಳ ಫೋಟೋ ತೆಗೆದಿದ್ರು, ಅದಕ್ಕೆ 1927ರಲ್ಲಿ ನೊಬೆಲ್ ಕೂಡ ಬಂತು. ಅವರದ್ದು ಪಿಸ್ಟನ್ ಎಳೆದು ಗಾಳಿ ತಣ್ಣಗೆ ಮಾಡೋ ಥರದ್ದು, ನಾನು ಮಾಡಿದ್ದು ಅದಕ್ಕಿಂತ ಸುಲಭದ್ದು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಅದರ ತಳದ ಒಳಗಡೆ ಫೆಲ್ಟ್ ಬಟ್ಟೆ ಅಂಟಿಸಿ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ನೆನೆಸೋದು, ಡಬ್ಬಿನ ಕಪ್ಪು ಬಣ್ಣ ಬಳಿದ ಲೋಹದ ತಟ್ಟೆ ಮೇಲೆ ಬೋರಲು ಹಾಕೋದು, ತಟ್ಟೆ ಅಡಿಗೆ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್). ಮೇಲೆ ಬೆಚ್ಚಗಿರೋ ಆಲ್ಕೋಹಾಲ್ ಆವಿಯಾಗಿ ಕೆಳಗಿಳಿಯತ್ತೆ, ಕೆಳಗೆ ಡ್ರೈ ಐಸ್ ಮೈನಸ್ 78 ಡಿಗ್ರಿ, ಹಂಗಾಗಿ ತಟ್ಟೆಗೆ ಹತ್ತಿರದ ಆವಿ ಹನಿ ಆಗೋಕೆ ತುದಿಗಾಲಲ್ಲಿ ನಿಂತಿರತ್ತೆ, ಆದ್ರೆ ಹನಿಗಟ್ಟೋಕೆ ಏನಾದ್ರೂ ಆಸರೆ ಬೇಕು. ಚಾರ್ಜ್ ಇರೋ ಕಣ ಒಂದು ಆ ಕಡೆಯಿಂದ ಈ ಕಡೆ ನುಗ್ಗಿದ್ರೆ ದಾರೀಲಿರೋ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಅಯಾನು ಮಾಡ್ಕೊಂಡು ಹೋಗತ್ತೆ, ಆ ಅಯಾನುಗಳ ಮೇಲೆ ಹನಿ ಕೂತು ಬಿಳಿ ಗೆರೆ ಮೂಡತ್ತೆ.

ಮೊದಲನೇ ಸಲ ಏನೂ ಕಾಣ್ಲಿಲ್ಲ. ಕೈಗೆ ಸಿಕ್ಕಿದ 70 ಪರ್ಸೆಂಟ್ ಆಲ್ಕೋಹಾಲ್ ಹಾಕಿದ್ದೆ, ಅದರಲ್ಲಿ ಉಳಿದಿದ್ದು ನೀರು ಅಂತ ಯೋಚ್ನೆನೇ ಮಾಡಿರ್ಲಿಲ್ಲ, 99ರದ್ದೇ ಬೇಕು. ಎರಡನೇ ಸಲ ಅಂಚಲ್ಲಿ ಗಾಳಿ ಸೋರಿ ಮಂಜು ಸುಳಿಸುಳಿಯಾಗಿ ಓಡಾಡ್ತು, ಅದನ್ನೇ ಕಣ ಅಂತ ನಾನು ಅರ್ಧ ಗಂಟೆ ಖುಷಿಪಟ್ಟೆ (ನಗಬೇಡಿ). ಮೂರನೇ ಸಲ ಸುತ್ತ ಆಟದ ಜೇಡಿಮಣ್ಣು ಮೆತ್ತಿ ಸೀಲ್ ಮಾಡಿ, ರೂಮು ಕತ್ತಲೆ ಮಾಡಿ, ಟಾರ್ಚನ್ನ ಮೇಲಿಂದ ಬಿಡೋ ಬದಲು ಪಕ್ಕದಿಂದ ತಟ್ಟೆಗೆ ಸಮಾನಾಂತರವಾಗಿ ಬಿಟ್ಟೆ. ಕಾಲು ಗಂಟೆ ಬರೀ ತುಂತುರು. ಆಮೇಲೆ ಕೂದಲೆಳೆ ಥರ ಒಂದು ನೇರ ಗೆರೆ ಸರ್ ಅಂತ ಬಂದು ಎರಡು ಸೆಕೆಂಡಲ್ಲಿ ಕರಗ್ತು. ಇಬ್ರೂ ಮಾತಾಡ್ಲಿಲ್ಲ.

ಹೇಳೋದು ಮರೆತೆ, ಡ್ರೈ ಐಸ್ ಬರಿಗೈಲಿ ಮುಟ್ಟಬಾರ್ದು, ಅದು ಕಾರ್ಬನ್ ಡೈಆಕ್ಸೈಡ್ ಬಿಡ್ತಾನೇ ಇರತ್ತೆ, ಕತ್ತಲೆ ಬೇಕು ಅಂತ ಕಿಟಕಿ ಗಟ್ಟಿಯಾಗಿ ಮುಚ್ಕೊಂಡು ಕೂರಬೇಡಿ, ಪರದೆ ಸಾಕು. ಆಲ್ಕೋಹಾಲ್ ಪಕ್ಕ ಬೆಂಕಿ ಕಿಡಿ ಬೇಡವೇ ಬೇಡ.

ಆ ಉದ್ದ ನೇರ ಗೆರೆಗಳಲ್ಲಿ ಹೆಚ್ಚಿನವು ಮ್ಯೂಆನ್. ಎಲೆಕ್ಟ್ರಾನಿನ ದೊಡ್ಡಣ್ಣ ಅನ್ನಿ, 207 ಪಟ್ಟು ಭಾರ. ಸುಮಾರು 15 ಕಿಲೋಮೀಟರ್ ಮೇಲೆ ಕಾಸ್ಮಿಕ್ ಕಿರಣ (ಬಾಹ್ಯಾಕಾಶದಿಂದ ಬರೋ ಕಣಗಳು) ಗಾಳಿಗೆ ಬಡಿದಾಗ ಹುಟ್ಟತ್ತೆ, ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲಿ ಓಡಿದ್ರೂ 660 ಮೀಟರ್ ಆಗೋಷ್ಟರಲ್ಲಿ ಸಾಯ್ಬೇಕಲ್ಲ, ನನ್ನ ತಟ್ಟೆವರೆಗೆ ಹೆಂಗ್ ಬಂತು? ಅಷ್ಟು ವೇಗದಲ್ಲಿ ಹೋಗೋ ಮ್ಯೂಆನಿನ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನ ನಡೆಯತ್ತೆ, ಐನ್‌ಸ್ಟೈನ್ ಹೇಳಿದ ಆ ವಿಷಯ ನಾನು ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ, ನಂಬಿದ್ದು ಮಾತ್ರ ಅವತ್ತು. ಅಂಗೈಯಗಲ ಜಾಗದಲ್ಲಿ ನಿಮಿಷಕ್ಕೆ ನೂರರ ಹತ್ತಿರ ಹಾದು ಹೋಗ್ತವೆ, ಆದ್ರೆ ಹನಿಗಟ್ಟೋ ಪದರ ತೆಳು ಇರೋದ್ರಿಂದ ಮೇಲಿಂದ ನೆಟ್ಟಗೆ ಬಿದ್ದವು ಬರೀ ಚುಕ್ಕಿ, ಅಡ್ಡ ಬಂದವು ಮಾತ್ರ ಗೆರೆ.

ಆಮೇಲೆ ಥೋರಿಯಂ (ತಾನಾಗೇ ಕಣ ಉಗುಳೋ ವಿಕಿರಣಶೀಲ ಲೋಹ) ಇರೋ ಟಂಗ್‌ಸ್ಟನ್ ವೆಲ್ಡಿಂಗ್ ಕಡ್ಡಿ ಒಂದನ್ನ ಒಳಗಿಟ್ಟೆ (ಅದನ್ನ ಉಜ್ಜಬೇಡಿ, ಪುಡಿ ಒಳಗೆ ಹೋದ್ರೆ ಕೆಟ್ಟದ್ದು). ಕಡ್ಡಿಯಿಂದ ದಪ್ಪ, ಗಿಡ್ಡ ಗೆರೆಗಳು ಹಾರತೊಡಗಿದ್ವು, ಒಂದೊಂದೂ ಎರಡು ಮೂರು ಸೆಂಟಿಮೀಟರು. ಅವು ಆಲ್ಫಾ, ಎರಡು ಪ್ರೋಟಾನ್ ಎರಡು ನ್ಯೂಟ್ರಾನ್ ಒಟ್ಟಿಗೆ. ಚಾರ್ಜು ಡಬಲ್, ವೇಗ ಕಮ್ಮಿ, ಅದಕ್ಕೇ ದಾರಿ ತುಂಬ ಅಯಾನು ಸುರಿದು ಬೇಗ ಸುಸ್ತಾಗತ್ತೆ. ಎಲೆಕ್ಟ್ರಾನು ಹಗುರ, ಯಾವ ಪರಮಾಣುವಿನ ಪಕ್ಕ ಹೋದ್ರೂ ತಿರುಗತ್ತೆ, ಹಂಗಾಗಿ ಸೊಟ್ಟ ಸೊಟ್ಟ ದಾರ ಬಿದ್ದಂಗೆ ಗೆರೆ.

ನಿದ್ದೆ ಕೆಡಿಸಿದ್ದು ಇನ್ನೊಂದು. ಕ್ವಾಂಟಂ ಭೌತಶಾಸ್ತ್ರದ ಪ್ರಕಾರ ಪರಮಾಣುವಿನ ನಡುವಿರೋ ನ್ಯೂಕ್ಲಿಯಸ್‌ನಿಂದ ಆಲ್ಫಾ ಹೊರಡೋದು ಎಲ್ಲಾ ದಿಕ್ಕಿಗೂ ಸಮನಾಗಿ ಹರಡೋ ಅಲೆಯಾಗಿ, ಹಂಗಿದ್ರೆ ಮಂಜೂ ಸುತ್ತೆಲ್ಲಾ ಹರಡ್ಬೇಕು, ಒಂದೇ ನೇರ ಗೆರೆ ಯಾಕೆ? ಇದನ್ನ ಭೌತವಿಜ್ಞಾನಿ ನೆವಿಲ್ ಮಾಟ್ 1929ರಲ್ಲೇ ಲೆಕ್ಕ ಹಾಕಿ ತೋರಿಸಿದಾರೆ: ಎರಡು ಪರಮಾಣು ಅಯಾನು ಆಗ್ಬೇಕಾದ್ರೆ ಅವೆರಡೂ ಆಲ್ಫಾ ಹೊರಟ ಜಾಗದ ಜೊತೆ ಒಂದೇ ಸಾಲಲ್ಲಿರ್ಬೇಕು, ಬೇರೆ ಕಡೆ ಇದ್ರೆ ಸಾಧ್ಯತೆ ಹೆಚ್ಚುಕಮ್ಮಿ ಸೊನ್ನೆ. ಅಂದ್ರೆ ಯಾವ ದಿಕ್ಕು ಅನ್ನೋದು ಮೊದಲೇ ಗೊತ್ತಿಲ್ಲ, ಗೆರೆ ಮೂಡಿದ್ರೆ ಮಾತ್ರ ನೇರ. ಇದನ್ನ ನಾನು ಮೂರು ಸಲ ಓದಿದ್ಮೇಲೆ ಗೋಲಿ ಚಿತ್ರ ತಲೆಯಿಂದ ಉರುಳಿ ಹೋಯ್ತು.

"ನ್ಯೂಟ್ರಾನ್ ಎಲ್ಲಿ?" ಅಂತ ಕೇಳಿದ್ಲು ಅಣ್ಣನ ಮಗಳು. ಅದಕ್ಕೆ ಚಾರ್ಜ್ ಇಲ್ವಲ್ಲ, ಹಾದು ಹೋದ್ರೂ ಗೆರೆ ಬೀಳಲ್ಲ. 1932ರಲ್ಲಿ ನ್ಯೂಟ್ರಾನ್ ಕಂಡುಹಿಡಿದ ಚಾಡ್ವಿಕ್ ಕೂಡ ಅದನ್ನ ಹಿಡಿದಿದ್ದು ಅದು ಮೇಣದಿಂದ ಒದ್ದು ಹೊರಹಾಕಿದ ಪ್ರೋಟಾನುಗಳ ಜಾಡು ಹಿಡಿದು ಅಂತ ಹೇಳ್ತಿದ್ದೆ, ಅಷ್ಟೊತ್ತಿಗೆ ಡ್ರೈ ಐಸ್ ಮುಗೀತು, ತಟ್ಟೆ ಬೆಚ್ಚಗಾಗಿ ಗೆರೆಗಳು ಮಸುಕಾದ್ವು. ಈಗ ಡ್ರೈ ಐಸ್ ಬದಲು ಪೆಲ್ಟಿಯರ್ ಪ್ಲೇಟ್ (ಕರೆಂಟ್ ಕೊಟ್ರೆ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗೋ ಬಿಲ್ಲೆ) ಎರಡನ್ನ ಒಂದರ ಮೇಲೊಂದು ಇಟ್ಟು ಪ್ರಯತ್ನ ನಡೀತಿದೆ, ಬಿಸಿ ಬದಿಗೆ ಫ್ಯಾನು ಸಾಲ್ತಾ ಇಲ್ಲ, ನೀರು ಹರಿಸೋ ಕೂಲರ್ ಹಾಕ್ಬೇಕು.