ಒಂದೇ ಬೀಚು, ಮೂರು ಗಂಟೆ: ಕ್ರೂಸ್ ನಡುವೆ ಹಾಯಾಗಿ ಸ್ನಾರ್ಕೆಲಿಂಗ್ ಮಾಡುವುದು ಹೇಗೆ?

ಫ್ಲೋರಿಡಾದಿಂದ ಹೊರಡುವ ಪೂರ್ವ ಕೆರಿಬಿಯನ್ ಕ್ರೂಸ್‌ಗಳಲ್ಲಿ ಹಲವು ಹಡಗುಗಳು ಒಂದು ದಿನ ಸೇಂಟ್ ಥಾಮಸ್ ದ್ವೀಪದಲ್ಲಿ ನಿಲ್ಲುತ್ತವೆ. ಬೆಳಿಗ್ಗೆ ದಡ ಮುಟ್ಟಿ ಸಂಜೆ ಹೊರಡುವ ಹಡಗು. ನಮ್ಮ ಕೈಗೆ ಸಿಗುವುದು ಎಂಟು ಗಂಟೆ. ಅಷ್ಟರಲ್ಲಿ ಕೋಟೆ ನೋಡಬೇಕು, ಅಂಗಡಿ ಸುತ್ತಬೇಕು, ಎರಡು ಬೀಚು ಮುಗಿಸಬೇಕು ಅಂತ ಓಡಿದರೆ ಸಂಜೆಗೆ ಉಳಿಯುವುದು ಕಾಲುನೋವು ಮಾತ್ರ. ಒಂದೇ ಬೀಚು ಆರಿಸಿಕೊಳ್ಳಿ. ನಾನು ಹೇಳುವುದಾದರೆ ಅದು ಪಕ್ಕದ ಸೇಂಟ್ ಜಾನ್ ದ್ವೀಪದ ಟ್ರಂಕ್ ಬೇ. ಕಡಲಿನೊಳಗೇ ಫಲಕಗಳನ್ನಿಟ್ಟು ಮಾಡಿದ ಸುಮಾರು 200 ಮೀಟರ್ ಉದ್ದದ ಸ್ನಾರ್ಕೆಲಿಂಗ್ ದಾರಿ ಅಲ್ಲಿದೆ. ಸ್ನಾರ್ಕೆಲಿಂಗ್ ಅಂದರೆ ಕಣ್ಣು, ಮೂಗು ಮುಚ್ಚುವ ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿ ಉಸಿರಾಡುತ್ತಾ, ನೀರಿನ ಮೇಲೆ ಬೋರಲಾಗಿ ತೇಲಿ ಕೆಳಗಿನದನ್ನು ನೋಡುವುದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಡ.

ಹೊರಡುವ ಮೊದಲು

ಇವು ಅಮೆರಿಕದ ದ್ವೀಪಗಳು. 1917ರಲ್ಲಿ ಡೆನ್ಮಾರ್ಕ್‌ನಿಂದ ಅಮೆರಿಕ ಕೊಂಡುಕೊಂಡಿತು. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಮೆರಿಕದ ವೀಸಾ ಬೇಕು. ಹಡಗು ನಡುವೆ ಬೇರೆ ದೇಶಕ್ಕೂ ಹೋಗಿಬರುವುದರಿಂದ ಆ ವೀಸಾದಲ್ಲಿ ಮತ್ತೆ ಒಳಬರಲು ಅವಕಾಶ ಇದೆಯೇ ಅಂತ ಟಿಕೆಟ್ ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ.

ಸಾಧ್ಯವಾದರೆ ಮಾಸ್ಕ್ ನಿಮ್ಮದೇ ಇರಲಿ. ಬೀಚಿನಲ್ಲಿ ಬಾಡಿಗೆಗೂ ಸಿಗುತ್ತದೆ. ಆದರೆ ಮುಖಕ್ಕೆ ಕೂರದ ಮಾಸ್ಕ್ ಇಡೀ ದಿನವನ್ನೇ ಹಾಳುಮಾಡುತ್ತದೆ. ಕೊಳ್ಳುವಾಗ ಹೀಗೆ ಪರೀಕ್ಷೆ ಮಾಡಿ: ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಒಳಗೆಳೆದು ಕೈ ಬಿಡಿ. ಉಸಿರು ಹಿಡಿದಿರುವಷ್ಟು ಹೊತ್ತು ಅದು ಬೀಳದೆ ಅಂಟಿಕೊಂಡಿದ್ದರೆ ಸರಿಯಾದ ಅಳತೆ. ದಪ್ಪ ಮೀಸೆ ಇರುವವರಿಗೆ ಮೂಗಿನ ಕೆಳಗಿಂದ ನೀರು ನುಗ್ಗುತ್ತದೆ. ಮೀಸೆಯ ಮೇಲಂಚನ್ನು ಸ್ವಲ್ಪ ಕತ್ತರಿಸಿಕೊಂಡರೆ ಬಹಳಷ್ಟು ಸರಿಹೋಗುತ್ತದೆ. ಕನ್ನಡಕ ಹಾಕುವವರಿಗೆ ಪವರ್ ಇರುವ ಮಾಸ್ಕ್‌ಗಳೂ ಬರುತ್ತವೆ.

ಇನ್ನು ಬಟ್ಟೆ. ಈಜುಡುಗೆ ಹಾಕಲು ಸಂಕೋಚ ಅಂತ ನಮ್ಮ ಹೆಂಗಸರು ಎಷ್ಟೋ ಜನ ದಡದಲ್ಲೇ ಬ್ಯಾಗು ಕಾಯುತ್ತಾ ಕೂರುತ್ತಾರೆ. ನನಗೆ ಇದು ತುಂಬಾ ಬೇಜಾರಿನ ವಿಷಯ. ಈಜಿಗೆಂದೇ ಹೊಲಿದ ತುಂಬುತೋಳಿನ ಟೀ ಶರ್ಟ್ ಮತ್ತು ಲೆಗಿಂಗ್ಸ್ ಹಾಕಿ, ಯಾರೂ ತಿರುಗಿ ನೋಡುವುದಿಲ್ಲ. ಬಿಸಿಲಿಗೂ ಅದೇ ಒಳ್ಳೆಯದು. ಬೆನ್ನು ಮೇಲಾಗಿ ತೇಲುವಾಗ ಬಿಸಿಲು ಸುಡುವುದು ಗೊತ್ತೇ ಆಗುವುದಿಲ್ಲ. ಹಡಗಿಗೆ ಮರಳಿದ ಮೇಲೆ ಉರಿ ಶುರುವಾಗುತ್ತದೆ. ಸನ್‌ಸ್ಕ್ರೀನ್ ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಆಕ್ಸಿಬೆಂಜೋನ್, ಆಕ್ಟಿನೋಕ್ಸೇಟ್, ಆಕ್ಟೋಕ್ರೈಲೀನ್ ಇರುವುದನ್ನು ಹವಳಕ್ಕೆ ಕೆಡುಕು ಅಂತ 2020ರಿಂದ ಈ ದ್ವೀಪಗಳಲ್ಲಿ ನಿಷೇಧಿಸಿದ್ದಾರೆ. ಜಿಂಕ್ ಆಕ್ಸೈಡ್ ಇರುವುದು ತನ್ನಿ.

ಈಜು ಬಾರದಿದ್ದರೆ? ಲೈಫ್ ಜಾಕೆಟ್ ಹಾಕಿಕೊಂಡೇ ಇಳಿಯಬಹುದು. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಸ್ನಾರ್ಕೆಲಿಂಗ್ ಮಾಡಿದವರಿಗೆ ಇದು ಗೊತ್ತಿರುತ್ತದೆ. ನಾನು ಮೊದಲ ಸಲ ಕೊಳವೆ ಕಚ್ಚಿ ಉಸಿರಾಡಿದ್ದೂ ಅಲ್ಲೇ. ಹೃದಯದ ತೊಂದರೆ, ಉಬ್ಬಸ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ನೀರಿಗಿಳಿಯಬೇಡಿ.

ಬಂದರಿನಿಂದ ಬೀಚಿಗೆ

ಇಳಿಯುವ ಮುಂಚೆ ಗಡಿಯಾರ ನೋಡಿ. ಚಳಿಗಾಲದಲ್ಲಿ ಈ ದ್ವೀಪಗಳ ಸಮಯ ಫ್ಲೋರಿಡಾಗಿಂತ ಒಂದು ಗಂಟೆ ಮುಂದಿರುತ್ತದೆ. ಹಡಗಿನವರು ಯಾವ ಸಮಯ ಪಾಲಿಸುತ್ತಿದ್ದಾರೆ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಮೊಬೈಲನ್ನು ನಂಬಬೇಡಿ, ಅದು ತಾನೇ ಬದಲಾಯಿಸಿಕೊಳ್ಳುತ್ತದೆ.

ಬಂದರಿನ ಹೊರಗೆ ಸಫಾರಿ ಟ್ಯಾಕ್ಸಿಗಳು ನಿಂತಿರುತ್ತವೆ. ಪಿಕಪ್ ಗಾಡಿಯ ಹಿಂದೆ ಬೆಂಚು ಹಾಕಿ, ಮೇಲೆ ಚಾವಣಿ ಕಟ್ಟಿದ್ದು. ಮೀಟರ್ ಇಲ್ಲ. ತಲೆಗೆ ಇಷ್ಟು ಅಂತ ಸರ್ಕಾರವೇ ದರ ನಿಗದಿ ಮಾಡಿದೆ. ಮಾತು ಶುರುಮಾಡುವಾಗ ಮೊದಲು "ಗುಡ್ ಮಾರ್ನಿಂಗ್" ಅನ್ನಿ. ಇಲ್ಲಿಯವರಿಗೆ ಇದು ಮುಖ್ಯ. ನಮಸ್ಕಾರ ಹೇಳದೆ ಸೀದಾ ರೇಟು ಕೇಳಿದರೆ ನಮ್ಮೂರಲ್ಲೂ ಹಿರಿಯರು ಮುಖ ಸಿಂಡರಿಸುತ್ತಾರೆ ಅಲ್ವಾ, ಹಾಗೆಯೇ. ಗಾಡಿಗಳು ನಮ್ಮಂತೆ ಎಡಗಡೆ ಓಡುತ್ತವೆ. ರೆಡ್ ಹುಕ್ ಎಂಬಲ್ಲಿ ಇಳಿದು ಫೆರಿ ಹಿಡಿದರೆ 20 ನಿಮಿಷಕ್ಕೆ ಸೇಂಟ್ ಜಾನ್‌ನ ಕ್ರೂಸ್ ಬೇ ಎಂಬ ಊರು. ಅಲ್ಲಿಂದ ಮತ್ತೊಂದು ಟ್ಯಾಕ್ಸಿ, ಗುಡ್ಡದ ತಿರುವುಗಳ ದಾರಿ. ಸೇಂಟ್ ಜಾನ್‌ನ ಅರ್ಧಕ್ಕಿಂತ ಜಾಸ್ತಿ ಜಾಗ 1956ರಲ್ಲಿ ಶುರುವಾದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಅದಕ್ಕೇ ಹೋಟೆಲುಗಳ ಸಾಲಿಲ್ಲದೆ ಕಾಡು ಕಡಲಿನವರೆಗೂ ಇಳಿದಿದೆ.

ಬೀಚಿನಲ್ಲಿ ಲೈಫ್‌ಗಾರ್ಡ್ ಇದ್ದರೆ ಮೊದಲು ಅವರ ಬಳಿ ಹೋಗಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೆಲವು ದಿನ ಉತ್ತರದಿಂದ ದೊಡ್ಡ ಅಲೆಗಳು ಬರುತ್ತವೆ. ಅಂಥ ದಿನ ಅವರು ಬೇಡ ಅಂದರೆ ಬೇಡ.

ನೀರಿಗಿಳಿಯುವುದು

ಮಾಸ್ಕಿನ ಗಾಜಿನ ಒಳಗೆ ಸ್ವಲ್ಪ ಎಂಜಲು ಸವರಿ, ಸಮುದ್ರದ ನೀರಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಮಂಜು ಕಟ್ಟುವುದಿಲ್ಲ. ಸೊಂಟದಷ್ಟು ನೀರಿಗೆ ಹೋಗಿ ಅಲ್ಲೇ ಫಿನ್ (ಈಜಲು ಪಾದಕ್ಕೆ ಹಾಕುವ ಅಗಲ ರೆಕ್ಕೆ) ಹಾಕಿಕೊಳ್ಳಿ. ದಡದಲ್ಲೇ ಹಾಕಿಕೊಂಡರೆ ಹಿಂದೆ ಹಿಂದೆ ನಡೆಯಬೇಕಾಗುತ್ತದೆ.

ಈಗ ತಕ್ಷಣ ಈಜಲು ಹೊರಡಬೇಡಿ. ಮುಖವನ್ನಷ್ಟೇ ನೀರಿಗಿಟ್ಟು ಬಾಯಿಂದ ಹತ್ತು ಸಲ ಉಸಿರಾಡಿ. ಮೂಗು ಮುಚ್ಚಿದೆ ಅಂತ ಮನಸ್ಸು ಹೆದರುತ್ತದೆ. ಆರನೆಯದೋ ಏಳನೆಯದೋ ಉಸಿರಿಗೆ ತಾನೇ ಸಮಾಧಾನವಾಗುತ್ತದೆ. ಕೊಳವೆಗೆ ನೀರು ನುಗ್ಗಿದರೆ ಗಾಬರಿ ಬೇಡ. "ಟೂ" ಅಂತ ಒಮ್ಮೆ ಜೋರಾಗಿ ಊದಿ, ನೀರು ಮೇಲಿಂದ ಚಿಮ್ಮಿ ಹೋಗುತ್ತದೆ. ಇದನ್ನು ನಿಲ್ಲಲು ಆಗುವ ಜಾಗದಲ್ಲೇ ಮೂರ್ನಾಲ್ಕು ಸಲ ಬೇಕೆಂದೇ ಮಾಡಿ ನೋಡಿ. ಒಬ್ಬರೇ ಮಾತ್ರ ಹೋಗಬೇಡಿ, ಜೋಡಿ ಇರಲಿ.

ಕೊಲ್ಲಿಯ ನಡುವೆ ಒಂದು ಪುಟ್ಟ ನಡುಗಡ್ಡೆ ಇದೆ. ಸ್ನಾರ್ಕೆಲಿಂಗ್ ದಾರಿ ಅದರ ಪಕ್ಕದಲ್ಲೇ ಸಾಗುತ್ತದೆ. ಅಲ್ಲಿಗೆ ಹೋದಮೇಲೆ ಕೈ ಆಡಿಸುವುದು ನಿಲ್ಲಿಸಿ. ಸುಮ್ನೆ ತೇಲಿ. ನೀರು ಬಡಿದಷ್ಟೂ ಮೀನು ದೂರ ಓಡುತ್ತವೆ, ಸುಮ್ಮನಿದ್ದರೆ ಹತ್ತಿರ ಬರುತ್ತವೆ. ಎರಡು ನಿಮಿಷ ಕಳೆಯಲಿ, ಒಂದು ಸದ್ದು ಕಿವಿಗೆ ಬೀಳುತ್ತದೆ: ಕರ್, ಕರ್, ಯಾರೋ ಚಕ್ಕುಲಿ ಕಡಿದಂತೆ. ಅದು ಪ್ಯಾರಟ್ ಫಿಶ್. ಗಿಳಿಯ ಕೊಕ್ಕಿನಂಥ ಬಾಯಿಂದ ಬಂಡೆಯ ಮೇಲಿನ ಪಾಚಿ ಕೆರೆದು ತಿನ್ನುತ್ತದೆ. ಅದರ ಜೊತೆ ಹೊಟ್ಟೆಗೆ ಹೋದ ಹವಳದ ಚೂರು ಮರಳಾಗಿ ಹೊರಬರುತ್ತದೆ. ನೋಡುತ್ತಾ ಇದ್ದರೆ ಹಿಂದಿನಿಂದ ಬಿಳಿ ಪುಡಿ ಉದುರುವುದೂ ಕಾಣುತ್ತದೆ. ನೀವು ಟವೆಲ್ ಹಾಸಿದ ಬಿಳಿ ಮರಳಿನಲ್ಲಿ ಅದರ ಪಾಲೂ ಇದೆ.

ಹವಳವನ್ನು ಮುಟ್ಟಲೇಬೇಡಿ. ಸುಸ್ತಾಯಿತು ಅಂತ ಅದರ ಮೇಲೆ ನಿಲ್ಲಲೂಬೇಡಿ. ಕಲ್ಲಿನಂತೆ ಕಂಡರೂ ಅದು ಜೀವ, ಸಾವಿರಾರು ಪುಟ್ಟ ಪ್ರಾಣಿಗಳು ಒಟ್ಟಿಗೆ ಕಟ್ಟಿದ ಮನೆ. ಒಂದು ಫಿನ್ ಏಟಿಗೆ ಮುರಿದದ್ದು ಬೆಳೆಯಲು ಎಷ್ಟೋ ವರ್ಷ ಬೇಕು. 2019ರಿಂದ ಈ ದ್ವೀಪಗಳ ಹವಳಕ್ಕೆ ಒಂದು ಕೆಟ್ಟ ರೋಗ ಬೇರೆ ತಗುಲಿದೆ. ಬೋಳು ಬಿಳಿ ಕಲೆಗಳು ಕಂಡರೆ ನೋವಾಗುತ್ತದೆ. ನಮ್ಮ ಕಾಲಿನ ಏಟೂ ಅದಕ್ಕೆ ಸೇರಬಾರದು. ಸುಸ್ತಾದರೆ ಮಗುಚಿ ಅಂಗಾತ ತೇಲಿ, ಆಕಾಶ ನೋಡಿ.

ದಡಕ್ಕೆ ಬಂದ ಮೇಲೆ

ಮುಕ್ಕಾಲು ಗಂಟೆ ನೀರು, ಅರ್ಧ ಗಂಟೆ ನೆರಳು. ನೀರು ಕುಡಿಯಿರಿ. ನೆರಳು ಹುಡುಕುವಾಗ ಹಸಿರು ಸೇಬಿನಂಥ ಸಣ್ಣ ಹಣ್ಣು ಬಿಟ್ಟ ಮರ ಕಂಡರೆ ದೂರ ಇರಿ. ಅದು ಮಾಂಚನೀಲ್. ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ, ಹಣ್ಣೂ ವಿಷ.

ಊಟದ ಮೇಜಿನ ಕೆಳಗೆ ಕಂದು ಬಣ್ಣದ ಒಂದು ಪ್ರಾಣಿ ಸುಳಿದಾಡಬಹುದು. ಮುಂಗುಸಿ! ಅದರ ಪೂರ್ವಜರು ಭಾರತದವರೇ. ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಅಂತ 1872ರಲ್ಲಿ ಕಲ್ಕತ್ತಾದಿಂದ ಜಮೈಕಾಗೆ ತಂದರು. ಆಮೇಲೆ ಬೇರೆ ದ್ವೀಪಗಳಿಗೂ ಹೋಯಿತು. ಈಗ ಕಡಲಾಮೆಯ ಮೊಟ್ಟೆಗಳನ್ನೂ ತಿನ್ನುತ್ತದೆ. ನಮ್ಮೂರಿನದು ಅಂತ ಪ್ರೀತಿ ಬಂದರೂ ತಿಂಡಿ ಹಾಕಬೇಡಿ.

ಇನ್ನು ಹಿಂತಿರುಗುವ ಲೆಕ್ಕ. ನೀವಾಗಿಯೇ ಹೋದವರಿಗಾಗಿ ಹಡಗು ಕಾಯುವುದಿಲ್ಲ. ಐದಕ್ಕೆ ಹಡಗಿನಲ್ಲಿರಬೇಕು ಅಂತಿಟ್ಟುಕೊಳ್ಳಿ. ಒಂದೂವರೆಗೆ ಬೀಚು ಬಿಟ್ಟು ಎರಡರ ಫೆರಿ ಹತ್ತಿ, ಮೂರೂಕಾಲಿಗೆ ಬಂದರಿನಲ್ಲಿರುತ್ತೀರಿ. ಫೆರಿ ಹೆಚ್ಚುಕಡಿಮೆ ಗಂಟೆಗೊಂದು. ಎರಡರದ್ದು ತಪ್ಪಿದರೂ ಮೂರರದ್ದು ಇದೆ, ಗಾಬರಿ ಬೀಳಬೇಕಿಲ್ಲ.